ಚೀಲದೊಳಗೊಂದು ಕೋಡುಬಳೆ

ಮೊನ್ನೆ ಭಾನುವಾರ ಶೋಕೇಸಿನ ಧೂಳು ಹೊಡೆಯುವಾಗ ಎಣಿಸಿದೆ. 47 ಜನ ಇದ್ದಾರೆ. ಒಬ್ಬೊಬ್ಬರೂ ನನ್ನ ಹೆಬ್ಬೆರಳಿಗಿಂತ ಗಿಡ್ಡ. ಹೆಚ್ಚಿನವರ ಕೈಯಲ್ಲಿ ಏನಾದರೊಂದು ತಿನ್ನೋ ಪದಾರ್ಥ ಇದೆ. ಕೈ ಖಾಲಿ ಇರುವವರು ತಿಂಡಿಯನ್ನೇ ಅಂಗಿ ಮಾಡಿಕೊಂಡು ತೊಟ್ಟು ನಿಂತಿದ್ದಾರೆ. ಲೆಗೋ ಮಿನಿಫಿಗರ್‌ಗಳು. ನಮ್ಮ ಮನೆಯಲ್ಲಿ ಇವರಿಗೆ ‘ಊಟದವರು’ ಅಂತಲೇ ಹೆಸರು. ಕತ್ತಿ ಹಿಡಿದವರು, ಸ್ಯಾಕ್ಸೋಫೋನ್ ಊದುವವರು, ಗಗನಯಾತ್ರಿಗಳು ಎಲ್ಲ ಮಗಳ ಪಾಲು. ಊಟದವರು ಮಾತ್ರ ನನ್ನವರು.

ಗೊತ್ತಿಲ್ಲದವರಿಗೆ ಎರಡು ಮಾತು. ಲೆಗೋ ಅಂದರೆ ಪ್ಲಾಸ್ಟಿಕ್ ಇಟ್ಟಿಗೆ ಜೋಡಿಸಿ ಆಡೋ ಆಟಿಕೆ, ಕಂಪನಿ ಡೆನ್ಮಾರ್ಕಿನ ಬಿಲ್ಲುಂಡ್ ಅನ್ನೋ ಊರಿನದು. ಕೈಕಾಲು ಆಡಿಸೋ ಈ ಪುಟ್ಟ ಮನುಷ್ಯ ಹುಟ್ಟಿದ್ದು 1978ರಲ್ಲಿ. ಎತ್ತರ ಸುಮಾರು 4 ಸೆಂಟಿಮೀಟರ್, ಮುಖ ಅರಿಶಿನ ಬಳಿದ ಹಾಗೆ ಹಳದಿ, ಅಂಗೈ ಇಂಗ್ಲಿಷಿನ ‘ಸಿ’ ಅಕ್ಷರದಂತೆ. 2010ರಿಂದ ಇವರನ್ನು ಬಿಡಿಬಿಡಿಯಾಗಿ, ಸರಣಿ ಸರಣಿಯಾಗಿ ಮಾರತೊಡಗಿದರು. ಮೊದಲು ಸರಣಿಗೆ 16 ಪಾತ್ರ ಇರುತ್ತಿತ್ತು, 2021ರಿಂದ 12. ಒಂದು ಪಾತ್ರಕ್ಕೆ ಒಂದು ಮುಚ್ಚಿದ ಚೀಲ ಇರುತ್ತಿತ್ತು, ಚಿಪ್ಸ್ ಪ್ಯಾಕೆಟ್ಟಿನಂಥ ಮಿರಿಮಿರಿ ಚೀಲ. ಹೊರಗಿನಿಂದ ಎಲ್ಲವೂ ಒಂದೇ. ಒಳಗೆ ಯಾರಿದ್ದಾರೆ ಅನ್ನೋದು ದುಡ್ಡು ಕೊಟ್ಟು ಹರಿದ ಮೇಲೇ ಗೊತ್ತಾಗುತ್ತಿತ್ತು. ನಮ್ಮ ಮನೆಯವರು ಇದಕ್ಕೆ ಕೊಟ್ಟ ಹೆಸರು ‘ಮಕ್ಕಳ ಮಟ್ಕಾ’. ಅವರ ಮಾತು ಪೂರ್ತಿ ಸುಳ್ಳಲ್ಲ.

ಆದರೆ ಹರಿಯದೆಯೂ ಗೊತ್ತು ಮಾಡಿಕೊಳ್ಳೋ ದಾರಿ ಒಂದಿತ್ತು. ಚೀಲದ ಮೇಲಿಂದ ಬೆರಳಾಡಿಸಿ ನೋಡೋದು. ಈ ಬರಹ ಗೊಂಬೆಗಳದ್ದು ಅನ್ನೋದಕ್ಕಿಂತ ಆ ಬೆರಳಾಡಿಸೋದರದ್ದು.

ನಾನು ಮೈಸೂರಿನಲ್ಲಿ ಒಂದು ಸಣ್ಣ ಡೆಂಟಲ್ ಲ್ಯಾಬ್ ನಡೆಸುತ್ತೇನೆ. ಡಾಕ್ಟರಲ್ಲ. ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಕ್ರೌನು, ಬ್ರಿಡ್ಜು, ಹಲ್ಲುಸೆಟ್ಟು ಮಾಡಿ ವಾಪಸು ಕಳಿಸುತ್ತೇನೆ. ಯಾರ ಬಾಯಿ ಅಂತ ಗೊತ್ತಿರೋದಿಲ್ಲ, ಬಾಯಿ ಮಾತ್ರ ಚೆನ್ನಾಗಿ ಗೊತ್ತಿರುತ್ತದೆ. ಕಣ್ಣಿಗೆ ಕಾಣದ ಏರನ್ನು ಬೆರಳು ಕಂಡುಹಿಡಿಯುತ್ತದೆ ಅನ್ನೋದು ನಮ್ಮ ಕಸುಬಿನ ಮೊದಲ ಪಾಠ. ಪಾಲಿಶ್ ಆದ ಕ್ರೌನನ್ನು ಕಣ್ಣು ಮುಚ್ಚಿ ತೋರುಬೆರಳಲ್ಲಿ ಒಂದು ಸುತ್ತು ಸವರದೆ ನಾನು ಡಬ್ಬಿಗೆ ಹಾಕಿದ್ದಿಲ್ಲ. ಅಷ್ಟಿದ್ದೂ ನಮ್ಮ ಮನೆಯಲ್ಲಿ ಬೆರಳಿನ ಲೆಕ್ಕದಲ್ಲಿ ನಾನು ಎರಡನೇ ಸ್ಥಾನ. ಮೊದಲನೆಯದು ಅಮ್ಮನದು.

2013ರ ಡಿಸೆಂಬರ್. ಮ್ಯೂನಿಕ್‌ನಲ್ಲಿರೋ ತಮ್ಮ ರಜೆಗೆ ಬಂದಾಗ ಆರು ಚೀಲ ತಂದಿದ್ದ, 11ನೇ ಸರಣಿಯದು. ಮಗಳಿಗಾಗ ಆರು ವರ್ಷ. ವರ್ಷಕ್ಕೊಂದು ಚೀಲ ಅಂತ ಅವನ ಲೆಕ್ಕ. ಊಟದ ಮೇಜಿನ ಮೇಲೆ ಸಾಲಾಗಿಟ್ಟು, ‘ಅಲ್ಲಿ ಅಂಗಡೀಲಿ ದೊಡ್ಡೋರೆಲ್ಲ ನಿಂತ್ಕೊಂಡು ಚೀಲ ಹಿಸುಕ್ತಾ ಇರ್ತಾರೆ, ಒಳಗೆ ಯಾರಿದಾರೆ ಅಂತ’ ಅಂದ. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದರು. ‘ಅದ್ರಲ್ಲೇನು ಹೆಚ್ಚುಗಾರಿಕೆ, ಕೊಡಿಲ್ಲಿ’ ಅಂತ ಕೈ ಸೆರಗಿಗೆ ಒರೆಸಿಕೊಂಡು ಒಂದನ್ನು ತಗೊಂಡರು.

ದೇವರಾಜ ಮಾರುಕಟ್ಟೆಯಲ್ಲಿ ಅಮ್ಮನ ಜೊತೆ ತರಕಾರಿಗೆ ಹೋದವರಿಗೆ ಇದು ಅರ್ಥವಾಗುತ್ತದೆ. ಅವರು ಬದನೆಕಾಯಿಯನ್ನು ನೋಡೋದೇ ಇಲ್ಲ. ಮಾತು ಅಂಗಡಿಯವನ ಜೊತೆ, ಕಣ್ಣು ಪಕ್ಕದ ಹೂವಿನ ಕಡೆ, ಬೆರಳು ಮಾತ್ರ ರಾಶಿಯೊಳಗೆ. ಹುಳುಕು ಇದ್ದದ್ದು ಅವರ ಚೀಲಕ್ಕೆ ಬಂದದ್ದು ನನಗೆ ನೆನಪಿಲ್ಲ. ಬೆಂಡೆಕಾಯಿ ತುದಿ ಮುರಿದು ನೋಡಿ ಬೈಸಿಕೊಂಡಿದ್ದು ಮಾತ್ರ ಬೇಕಾದಷ್ಟಿದೆ.

ಆವತ್ತು ಚೀಲ ಹಿಡಿದು ಅಮ್ಮ ಮಾಡಿದ್ದೂ ಅದನ್ನೇ. ಮೊದಲು ಒಳಗಿನದ್ದನ್ನೆಲ್ಲ ಒಂದು ಮೂಲೆಗೆ ಕೆಡವಿದರು. ಪ್ರತಿ ಚೀಲದಲ್ಲೂ ಗೊಂಬೆ ನಿಲ್ಲಿಸೋಕೆ ಒಂದು ಕರಿ ಹಲಗೆ ಇರುತ್ತಿತ್ತು, ಮೇಲೆ ಗುಬುಟು ಗುಬುಟು. ಅದನ್ನು ಬೆರಳಲ್ಲೇ ಗುರುತಿಸಿ ಬದಿಗೆ ಸರಿಸಿದರು. ಆಮೇಲೆ ಕಾಲಿನ ಜೋಡಿ, ಕೈ ಸೇರಿದ ಮುಂಡ, ಗುಂಡು ತಲೆ. ಇವೆಲ್ಲ ಎಲ್ಲರಿಗೂ ಇರೋದೇ, ಇವುಗಳಿಂದ ಏನೂ ತಿಳಿಯೋದಿಲ್ಲ. ಒಳಗೊಂದು ಕಾಗದ ಬೇರೆ, ಸರಣಿಯವರ ಚಿತ್ರ ಇರೋದು, ಅದು ಚರಪರ ಅಂದು ಬೆರಳಿನ ದಾರಿ ತಪ್ಪಿಸುತ್ತದೆ. ಉಳಿದದ್ದು ಒಂದೇ ಒಂದು ಚೂರು. ಅಮ್ಮ ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಸಿಕ್ಕಿಸಿಕೊಂಡು, ಕಡಲೆಬೀಜದ ಸಿಪ್ಪೆ ಬಿಡಿಸೋ ಹಾಗೆ ತಿರುಗಿಸಿ ತಿರುಗಿಸಿ, ತಲೆ ಎತ್ತಿ ಹೇಳಿದರು: ‘ಕೋಡುಬಳೆ. ಆದ್ರೆ ಯಾರೋ ಬರದೇ ಇರೋರು ಮಾಡಿರೋದು. ತಿರುಚಿಬಿಟ್ಟಿದಾರೆ, ಮೂರು ತೂತಿದೆ.’

ತಮ್ಮ ಎದ್ದು ನಿಂತುಬಿಟ್ಟ. ಹರಿದರೆ ಪ್ರೆಟ್ಸೆಲ್ ಹುಡುಗಿ! ಅವನಿರೋ ಊರಿನ ತಿಂಡಿಯೇ ಅದು, ಬವೇರಿಯಾದಲ್ಲಿ ಅದಕ್ಕೆ ‘ಬ್ರೇತ್ಸೆ’ ಅಂತಾರಂತೆ. ಮೂರು ತೂತಿನ ತಿರುಚಿದ ಕೋಡುಬಳೆ ಅನ್ನೋದಕ್ಕಿಂತ ಚೆನ್ನಾಗಿ ಪ್ರೆಟ್ಸೆಲ್ಲನ್ನು ನಾನು ಇವತ್ತಿಗೂ ಯಾರಿಗೂ ವಿವರಿಸಿಲ್ಲ.

ಅವತ್ತಿನಿಂದ ಮನೆಯಲ್ಲಿ ಒಂದು ಕಾನೂನು ಬಂತು. ಹೇಳದೆ ಹರಿಯೋ ಹಾಗಿಲ್ಲ. ಮೇಜಿನ ಸುತ್ತ ಚೀಲ ಕೈ ಬದಲಾಗಬೇಕು, ಎಲ್ಲರೂ ಒಂದೊಂದು ಊಹೆ ಹೇಳಬೇಕು, ಆಮೇಲೆ ಕತ್ತರಿ. ಅದೇ ಆರರಲ್ಲಿ ಒಂದು ಯೇತಿ ಬಂತು, ಹಿಮಾಲಯದ ಬಿಳಿ ಕೂದಲಿನವನು. ಅವನ ಕೈಯಲ್ಲಿ ಐಸ್‌ಕ್ಯಾಂಡಿ. ನಾನು ಚಮಚ ಅಂದೆ, ಮಗಳು ಪೊರಕೆ ಅಂದಳು, ಅಮ್ಮ ‘ಡಾಕ್ಟ್ರು ನಾಲಿಗೆ ಒತ್ತಿ ನೋಡೋ ಕಡ್ಡಿ’ ಅಂದರು. ಆ ಸುತ್ತು ಯಾರೂ ಗೆಲ್ಲಲಿಲ್ಲ. ವೆಲ್ಡರ್ ಮಾತ್ರ ಎರಡೆರಡು ಬಂದ. ಒಬ್ಬ ಈಗಲೂ ನನ್ನ ಲ್ಯಾಬಿನ ಮೇಜಿನ ಮೇಲೆ ಕಾವಲಿದ್ದಾನೆ.

ತಮ್ಮನಿಗೂ ಹುಚ್ಚು ಹಿಡಿಯಿತು. ಭಾನುವಾರದ ಹಳೇ ಸಾಮಾನಿನ ಸಂತೆಗಳಲ್ಲಿ ಹಿಂದಿನ ಸರಣಿಯವರನ್ನು ಹುಡುಕಿ ತರತೊಡಗಿದ. ಚಡ್ಡಿಗೆ ಪಟ್ಟಿ ಕಟ್ಟಿದ, ಕೈಯಲ್ಲಿ ಪ್ರೆಟ್ಸೆಲ್ ಹಿಡಿದ ಲೇಡರ್‌ಹೋಸನ್ ಮನುಷ್ಯ ಬಂದ. ಗೊರಿಲ್ಲಾ ವೇಷದವನು ಬಾಳೆಹಣ್ಣಿನ ಸಮೇತ ಬಂದ, ಮೊಲದ ವೇಷದವನು ಕ್ಯಾರೆಟ್ಟಿನ ಸಮೇತ. ಪುಟ್ಟ ಜೋಕರ್ ಕ್ರೀಮು ತುಂಬಿದ ಕಡುಬಿನ ತಟ್ಟೆ ಹಿಡಿದುಕೊಂಡು ಬಂದ, ಯಾರ ಮುಖಕ್ಕೆ ಹೊಡೆಯಲಿ ಅಂತ ಕಾಯುವವನ ಹಾಗೆ. ಮೊಟ್ಟಮೊದಲ ಸರಣಿಯ ಜಾಂಬಿಯೂ ಸಿಕ್ಕಿದ. ಒಂದು ಕೈಯಲ್ಲಿ ಗುದ್ದಲಿ, ಇನ್ನೊಂದರಲ್ಲಿ ಕೋಳಿ ಕಾಲು. ನಮ್ಮದು ಸಸ್ಯಾಹಾರಿ ಮನೆ. ತಮ್ಮ ಹುಷಾರಾಗಿ ‘ಡ್ರಮ್‌ಸ್ಟಿಕ್’ ಅಂತ ಮಾತ್ರ ಹೇಳಿದ. ಅಮ್ಮ ಎರಡು ವರ್ಷ ಅದನ್ನು ನುಗ್ಗೆಕಾಯಿ ಅಂತಲೇ ನಂಬಿದ್ದರು. ‘ಯಾಕೋ ಮಧ್ಯದಲ್ಲಿ ದಪ್ಪ ಆಯ್ತು, ಬಲಿತುಹೋಗಿರ್ಬೇಕು’ ಅನ್ನುತ್ತಿದ್ದರು. ನಿಜ ಹೇಳಿದ್ದು ನನ್ನ ಮಗಳು, ಅದೂ ಏಕಾದಶಿಯ ದಿನ.

ಈ ನಡುವೆ ಅಮ್ಮನ ಕಣ್ಣು ಕೈಕೊಡತೊಡಗಿತು. ಗ್ಲಾಕೋಮಾ. ಅದು ಸದ್ದಿಲ್ಲದೆ ಅಂಚಿನಿಂದ ಬರೋ ಕಾಯಿಲೆ. ಎದುರಿಗಿರೋದು ಕಾಣುತ್ತದೆ, ಪಕ್ಕದ್ದು ಕಾಣೋದಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು ‘ಯಾರೋ ಬಾಗಿಲು ಸರಿಸಿದಾರೆ’ ಅಂತ ರೇಗುತ್ತಿದ್ದಾಗ ನಮಗೆ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ. ಆಗಲೇ ಹೋದದ್ದು ಹೋಯಿತು, ಉಳಿದದ್ದನ್ನು ಹನಿ ಔಷಧದಲ್ಲಿ ಹಿಡಿದುಕೊಂಡಿದ್ದೇವೆ. ಇದರ ಬಗ್ಗೆ ಇಷ್ಟು ಸಾಕು.

2020ರಲ್ಲಿ 20ನೇ ಸರಣಿ ಬಂತು, ಕೊರೋನಾ ಕಾಲ. ತಮ್ಮ ಚೀಲಗಳನ್ನು ಕೊಂಡಿಟ್ಟುಕೊಂಡು ಅಲ್ಲೇ ಕೂತಿದ್ದ. ಅವು ಮೈಸೂರಿಗೆ ಬಂದದ್ದು 2021ರ ಡಿಸೆಂಬರಿನಲ್ಲಿ. ಆ ಹೊತ್ತಿಗೆ ಅಮ್ಮನಿಗೆ ಪೇಪರ್ ಓದೋದು ನಿಂತಿತ್ತು. ಟೀವಿಯನ್ನು ಕೇಳುತ್ತಿದ್ದರು. ಊಟದ ಮೇಜು, ಆರು ಚೀಲ, ಅದೇ ಕಾನೂನು. ಮೂರನೇ ಚೀಲ ಅಮ್ಮನ ಕೈಗೆ ಹೋಯಿತು. ಒಂದು ದೊಡ್ಡ ಬಾಗಿದ ತುಂಡು. ಬೆರಳು ಅದರ ಬೆನ್ನಿನ ಮೇಲೆ ಓಡಿತು, ಹೊಟ್ಟೆಗೆ ಬಂತು, ಅಲ್ಲಿ ನಿಂತಿತು. ‘ಕಾಳಿದೆ’ ಅಂದರು. ‘ಸೊಗಡು ಒಂದಿಲ್ಲ ಅಷ್ಟೇ. ಅವರೆಕಾಯಿ.’

ಅದು ಬಟಾಣಿ ಸಿಪ್ಪೆಯ ವೇಷದ ಹುಡುಗಿ. ತಮ್ಮ ಕಾಗದ ತೆಗೆದು ತೋರಿಸಿದ, ಹಸಿರು ನೋಡಿ, ಬಟಾಣಿ ಅಂತ ಬರೆದಿದೆ ಅಂದ. ಅಮ್ಮ ಒಪ್ಪಲಿಲ್ಲ. ಮಾರ್ಗಶಿರದಲ್ಲಿ ಮನೆಗೆ ಬರೋದು ಅವರೆಕಾಯಿ, ಬಟಾಣಿ ಅಲ್ಲ ಅನ್ನೋದು ಅವರ ವಾದ. ಆ ಬೆಳಿಗ್ಗೆಯಷ್ಟೇ ಎರಡು ಕೇಜಿ ಬಿಡಿಸಿಕೊಟ್ಟಿದ್ದರು, ಮಧ್ಯಾಹ್ನ ಹಿತಕವರೆ ಸಾರು. ಶೋಕೇಸಿನಲ್ಲಿ ಅವಳ ಹೆಸರು ಈಗಲೂ ಅವರೆಕಾಯಿ ಹುಡುಗಿ.

ಈಗ ಸ್ವಲ್ಪ ತಕರಾರು. ತಿಂಡಿ ಹಿಡಿದವರ ಮೇಲೆ ನನಗಿರೋ ಪ್ರೀತಿ ತಿಂಡಿಯ ವೇಷ ಹಾಕಿದವರ ಮೇಲಿಲ್ಲ. ಕಂಪನಿಗೆ ಮಾತ್ರ ಆ ವೇಷಗಳು ಸಿಕ್ಕಾಪಟ್ಟೆ ಇಷ್ಟ. 2015ರಲ್ಲಿ ಹಾಟ್‌ಡಾಗ್, ಮರುವರ್ಷ ಬಾಳೆಹಣ್ಣು, ಅದರ ಮರುವರ್ಷ ಮುಸುಕಿನ ಜೋಳ, 2018ಕ್ಕೆ ಬರ್ತ್‌ಡೇ ಕೇಕು, 2019ಕ್ಕೆ ಪಿಜ್ಜಾ, ಆಮೇಲೆ ಈ ಅವರೆಕಾಯಿ, 2022ರಲ್ಲಿ ಮೆಣಸಿನಕಾಯಿಯೂ ಪಾಪ್‌ಕಾರ್ನೂ, 2023ರಲ್ಲಿ ಕ್ಯಾರೆಟ್. ಹೀಗೇ ಹೋದರೆ ಒಂದು ದಿನ ತರಕಾರಿ ಸಂತೆಯೇ ಎದ್ದು ಓಡಾಡುತ್ತದೆ. ಹಾಟ್‌ಡಾಗ್ ಮನುಷ್ಯನ ಬನ್ನನ್ನು ಚೀಲದ ಮೇಲಿಂದ ಮುಟ್ಟಿ ಅಮ್ಮ ‘ತೊಟ್ಟಿಲು’ ಅಂದಿದ್ದರು. ಅಷ್ಟು ದೊಡ್ಡದನ್ನು ಮುಟ್ಟಿ ಕಂಡುಹಿಡಿಯೋದರಲ್ಲಿ ಏನು ಮಜಾ? ನನಗೆ ಬೇಕಿರೋದು ಆ ‘ಸಿ’ ಕೈ ಮತ್ತು ಅದು ಹಿಡಿದ ಚೂರು. 11ನೇ ಸರಣಿಯಲ್ಲಿ ಚಕ್ರದ ಬೂಟು ಹಾಕಿಕೊಂಡ ಹೋಟೆಲ್ ಹುಡುಗಿ ಒಬ್ಬಳಿದ್ದಾಳೆ, ಕೈಯಲ್ಲಿ ಐಸ್‌ಕ್ರೀಂ. ಅವಳನ್ನು ನೋಡಿದರೆ ಯಾರಿಗೋ ತಗೊಂಡು ಹೋಗ್ತಾ ಇದಾಳೆ ಅನ್ನಿಸುತ್ತದೆ. ಪಿಜ್ಜಾ ವೇಷದವನನ್ನು ನೋಡಿದರೆ ಮಾಲ್ ಮುಂದೆ ಪಾಂಪ್ಲೆಟ್ ಹಂಚೋಕೆ ನಿಲ್ಲಿಸಿದ ಪಾಪದ ಹುಡುಗ ನೆನಪಾಗುತ್ತಾನೆ. ಹಾಟ್‌ಡಾಗ್ ಮನುಷ್ಯ ಬಂದ ಅದೇ 13ನೇ ಸರಣಿಯಲ್ಲಿ ಒಬ್ಬ ಹಾವಾಡಿಗನೂ ಇದ್ದ ಅನ್ನೋದನ್ನು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ನೆನಪಾದರೆ ಅವರಿಗೆ ಹಾವೇ ಕಾಣುತ್ತದೆ. ಒಂದು ಇಡ್ಲಿ ತಟ್ಟೆ ಕೊಡಬಾರದಿತ್ತಾ ಯಾರ ಕೈಗಾದರೂ?

ಆ ಮೆಣಸಿನಕಾಯಿಗಾಗಿ ಮಾತ್ರ ನಾನು ಮರ್ಯಾದೆ ಬಿಟ್ಟಿದ್ದೇನೆ. ಬೆಂಗಳೂರಿನ ಒಂದು ಮಾಲ್‌ನ ಆಟಿಕೆ ಅಂಗಡಿ. 22ನೇ ಸರಣಿಯ ರಟ್ಟಿನ ಪೆಟ್ಟಿಗೆ ತೆರೆದಿಟ್ಟಿದ್ದರು. ಪೂರ್ತಿ ಪೆಟ್ಟಿಗೆಯಲ್ಲಿ 36 ಚೀಲ ಇರುತ್ತಿತ್ತು, 12 ಪಾತ್ರ ಮೂರು ಮೂರು ಸಲ. ಇಪ್ಪತ್ತು ನಿಮಿಷ ನಿಂತು ಹಿಸುಕಿದೆ. ಅಲ್ಲಿನ ಹುಡುಗ ಎರಡು ಸಲ ಸುತ್ತು ಹೊಡೆದು, ಮೂರನೇ ಸಲ ಬಂದು ವಿನಯವಾಗಿ ‘ಮೇಡಂ, ಮಗು ಎಲ್ಲಿ?’ ಅಂದ. ಮಗು ಪಿಯುಸಿ ಟ್ಯೂಷನ್‌ನಲ್ಲಿದೆ ಅನ್ನಲಿಲ್ಲ. ಬೆಂಡೆಕಾಯಿ ತುದಿ ಮುರಿದು ಸಿಕ್ಕಿಬಿದ್ದ ಅಮ್ಮನ ಮುಖ ಹೇಗಿರುತ್ತಿತ್ತೋ ನನ್ನದೂ ಹಾಗೇ ಆಗಿರಬೇಕು. ಅಷ್ಟರಲ್ಲಿ ಚೂಪು ತುದಿ ಬೆರಳಿಗೆ ಸಿಕ್ಕಿತ್ತು. ಮನೆಗೆ ತಂದು ಅಮ್ಮನ ಕೈಗಿಟ್ಟರೆ ಒಂದೇ ಕ್ಷಣಕ್ಕೆ ಮೆಣಸಿನಕಾಯಿ ಅಂದು, ಮೇಲೊಂದು ಸರ್ಟಿಫಿಕೇಟೂ ಕೊಟ್ಟರು: ‘ಬ್ಯಾಡಗಿ ಅಲ್ಲ. ಸುಕ್ಕೇ ಇಲ್ಲ, ಗುಂಟೂರಿನದ್ದಿರ್ಬೇಕು. ಬಣ್ಣ ಬರಲ್ಲ.’

ಇನ್ನು ಕೋಡುಬಳೆಯ ಕಥೆ. 2018ರ ದಸರಾದಲ್ಲಿ ಊಟದವರನ್ನೂ ಗೊಂಬೆ ಕೂರಿಸೋ ಮೆಟ್ಟಿಲಿಗೆ ಸೇರಿಸಿದ್ದೆವು. ಮೇಲೆ ಪಟ್ಟದ ಗೊಂಬೆ, ಕೆಳಗಿನ ಮೆಟ್ಟಿಲಲ್ಲಿ ಶೆಟ್ಟಿ ಗೊಂಬೆ. ಶೆಟ್ಟರೂ ಶೆಟ್ಟಮ್ಮನೂ ಅಂಗಡಿ ಹಾಕಿ ಕೂತಿರುತ್ತಾರಲ್ಲ, ಅವರ ಮುಂದೆ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ತೊಗರಿಬೇಳೆ, ಬೆಲ್ಲ. ಆ ಅಂಗಡಿ ಮುಂದೆ ಲೆಗೋದವರನ್ನು ಕ್ಯೂ ನಿಲ್ಲಿಸಿದ್ದು ಮಗಳು. ಗೊರಿಲ್ಲಾ ಮುಂದೆ, ಜಾಂಬಿ ಹಿಂದೆ. ನೋಡೋಕೆ ಬಂದ ಮಕ್ಕಳು ಪಟ್ಟದ ಗೊಂಬೆಯ ಕಡೆ ತಿರುಗಿಯೂ ನೋಡಲಿಲ್ಲ. ವಿಜಯದಶಮಿ ಕಳೆದು ಎತ್ತಿಡುವಾಗ ಪ್ರೆಟ್ಸೆಲ್ ಹುಡುಗಿಯ ಕೈ ಖಾಲಿ. ಯಾವ ಪುಟಾಣಿಯ ಜೇಬು ಸೇರಿತೋ, ಮಕ್ಕಳಿಗೆ ಹಂಚೋ ಚರ್ಪಿನ ತಿಂಡಿಯ ಜೊತೆ ಹೊಟ್ಟೆ ಸೇರಲಿಲ್ಲವಲ್ಲ ಅನ್ನೋದೇ ಸಮಾಧಾನ. ಬೆಲ್ಲದ ಬಟ್ಟಲಲ್ಲಿ ಹುಡುಕಿದೆವು, ಕಸದಲ್ಲಿ ಹುಡುಕಿದೆವು. ಇಲ್ಲ.

ತಮ್ಮ ಬೇರೆ ಕಳಿಸ್ತೀನಿ ಅಂದ. ನನಗೆ ಬೇರೆ ಯೋಚನೆ ಬಂತು. ಲ್ಯಾಬಿನಲ್ಲಿ ಕೂತು ವರ್ನಿಯರ್ ತಗೊಂಡೆ. ಲೆಗೋ ಕೈ ಹಿಡಿಯೋದು 3.18 ಮಿಲಿಮೀಟರ್ ದಪ್ಪದ ಕಡ್ಡಿಯನ್ನು. ಕತ್ತಿಯ ಹಿಡಿ ಇರಲಿ, ಕೋಳಿ ಕಾಲಿನ ಮೂಳೆ ಇರಲಿ, ಹಿಡಿಯೋ ಜಾಗದಲ್ಲಿ ಅದೇ ಅಳತೆ. ಇದು ಗೊತ್ತಾದ ದಿನ ನನಗೆ ಆ ಕಂಪನಿಯ ಮೇಲೆ ಹುಟ್ಟಿದ ಗೌರವ ಇನ್ನೂ ಇಳಿದಿಲ್ಲ. ಹಲ್ಲುಸೆಟ್ಟಿಗೆ ಬಳಸೋ ಅಕ್ರಿಲಿಕ್ ಪುಡಿಗೆ ಅದರ ದ್ರಾವಣ ಹಾಕಿ ಕಲೆಸಿದರೆ ಮೊದಲು ಒದ್ದೆ ಮರಳಿನ ಹಾಗೆ ಇರುತ್ತದೆ, ಆಮೇಲೆ ಎಳೆದರೆ ನೂಲು ಬರುತ್ತದೆ, ಆಮೇಲೆ ಹಿಟ್ಟಿನ ಹದಕ್ಕೆ ಬರುತ್ತದೆ. ನಮ್ಮ ಕಸುಬಿನ ಪುಸ್ತಕದಲ್ಲೂ ಅದನ್ನು ಹಿಟ್ಟಿನ ಹಂತ ಅಂತಲೇ ಕರೆಯೋದು. ಆ ಹದ ಕೆಲವೇ ನಿಮಿಷ ಇರುತ್ತದೆ. ವಾಸನೆ ಮಾತ್ರ ಮೂಗು ಸುಡುವಷ್ಟು. ಹಲ್ಲಿನ ಬಣ್ಣದ ಪುಡಿಗೆ ವಸಡಿನ ಗುಲಾಬಿ ಪುಡಿ ಒಂದು ಚಿಟಿಕೆ ಬೆರೆಸಿದೆ, ಖಾರ ಕಮ್ಮಿ ಬಿದ್ದ ಕೋಡುಬಳೆಯ ಬಣ್ಣ ಬಂತು. ಗ್ಲೌಸು ಹಾಕಿಕೊಂಡು ಗಾಜಿನ ಹಲಗೆ ಮೇಲೆ ಹೊಸೆದು, ತುದಿಗೆ ತುದಿ ಒತ್ತಿದೆ. ಮೊದಲನೆಯದು 3.4 ಆಗಿ ಕೈಗೆ ಹೋಗಲೇ ಇಲ್ಲ. ಎರಡನೆಯದು 3 ಆಗಿ ಜಾರಿ ಬಿತ್ತು. ಮೂರನೆಯದನ್ನು ಬೇಕಂತಲೇ ದಪ್ಪ ಮಾಡಿ, ಹಿಡಿಯೋ ಜಾಗದಲ್ಲಿ ಮಾತ್ರ ಹಲ್ಲು ಕೊರೆಯೋ ಬರ್ ಹಾಕಿ ಉಜ್ಜುತ್ತಾ ಉಜ್ಜುತ್ತಾ ಅಳತೆಗೆ ತಂದೆ. ‘ಟಕ್’ ಅಂತ ಕೂತಿತು. ಪಾಲಿಶ್ ಹಾಕಲಿಲ್ಲ. ಹೊಳೆಯೋ ಕೋಡುಬಳೆಯನ್ನು ಯಾರು ತಿಂತಾರೆ?

ಅಮ್ಮ ಅದನ್ನು ಮುಟ್ಟಿ ನೋಡಿ, ‘ಈಗ ಸರಿಹೋಯ್ತು, ಮೊದ್ಲಿಂದೂ ಹೀಗೇ ಇರ್ಬೇಕಾಗಿತ್ತು’ ಅಂದರು. ಆಮೇಲೆ ಇಡ್ಲಿಯೂ ಆಯಿತು. ಮಲ್ಲಿಗೆ ಇಡ್ಲಿಗೆ ಬಿ1 ಶೇಡು, ರವೆ ಇಡ್ಲಿಗೆ ಎ3. ಹಲ್ಲಿನವರಿಗೆ ಮಾತ್ರ ಅರ್ಥವಾಗೋ ಜೋಕು ಇದು, ಕ್ಷಮಿಸಿ.

ಒಂದು ಮೋಸದ ಕಥೆಯನ್ನೂ ಹೇಳಿಬಿಡುತ್ತೇನೆ. ಬಾಳೆಹಣ್ಣಿನ ವೇಷದವನನ್ನು ಯಾರೋ ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಹಾಕಿದ್ದರು, ಆಸೆಗೆ ಬಿದ್ದೆ. ಬಂದದ್ದು ನಕಲಿ. ಕಣ್ಣಿಗೆ ಒಂದು ಚೂರೂ ವ್ಯತ್ಯಾಸ ಗೊತ್ತಾಗಲಿಲ್ಲ. ಅಮ್ಮ ಕೈಗೆ ತಗೊಂಡವರೇ ‘ಇವ್ನು ನಮ್ಮವನಲ್ಲ’ ಅಂದರು. ತೋಳು ತಿರುಗಿಸಿದರೆ ಬಿಗಿ ಇಲ್ಲ, ಅಂಚಿನಲ್ಲಿ ಅಚ್ಚಿನ ಎಳೆ ಉಗುರಿಗೆ ಸಿಗುತ್ತಿತ್ತು. ತಲೆ ಕಿತ್ತು ಕತ್ತಿನ ಗುಬುಟು ನೋಡಿದೆ. ಅಸಲಿಯಲ್ಲಿ ಅಲ್ಲಿ ಕಂಪನಿಯ ಹೆಸರು ಇರುವೆಯಷ್ಟು ಚಿಕ್ಕದಾಗಿ ಅಚ್ಚಾಗಿರುತ್ತದೆ. ಇಲ್ಲಿ ನುಣ್ಣಗೆ ಬೋಳು. ದುಡ್ಡು ವಾಪಸು ಬರಲಿಲ್ಲ. ಅವನನ್ನು ಬಿಸಾಡಲು ಮನಸ್ಸಾಗದೆ ಫ್ರಿಜ್ಜಿನ ಮೇಲೆ ನಿಲ್ಲಿಸಿದ್ದೇನೆ. 47ರ ಲೆಕ್ಕದಲ್ಲಿ ಅವನಿಲ್ಲ.

2023ರಲ್ಲಿ ಚೀಲ ನಿಂತಿತು. ಆ ವರ್ಷದ ನಡುವೆ ಕಂಪನಿ ಚೀಲ ಬಿಟ್ಟು ಪುಟ್ಟ ರಟ್ಟಿನ ಡಬ್ಬಿಗೆ ಬಂತು. ಪ್ಲಾಸ್ಟಿಕ್ ಕಮ್ಮಿ ಮಾಡಿ ಕಾಗದಕ್ಕೆ ಹೋಗೋದು ಅವರ ಒಟ್ಟು ನಿರ್ಧಾರ, ಸೆಟ್ಟುಗಳ ಒಳಗಿನ ಚೀಲಗಳನ್ನೂ ಹಾಗೇ ಬದಲಾಯಿಸುತ್ತಿದ್ದಾರೆ. ತಪ್ಪು ಅನ್ನೋಕೆ ನನಗೆ ಬಾಯಿಲ್ಲ. ದಿನವಿಡೀ ಅಕ್ರಿಲಿಕ್ ಉಜ್ಜುವವಳು ನಾನು. ಆದರೂ ಹೊಟ್ಟೆ ಉರಿಯಿತು. ಡಬ್ಬಿಯನ್ನು ಹಿಸುಕೋಕೆ ಆಗುತ್ತಾ? ಮಗಳ ಪ್ರಕಾರ ಅದಕ್ಕೂ ಉಪಾಯ ಇದೆ. ಡಬ್ಬಿಯ ಮೇಲೆ ಒಂದು ಚುಕ್ಕಿ ಚುಕ್ಕಿ ಚೌಕ ಇರುತ್ತದೆ, ಫೋನ್ ಹಿಡಿದರೆ ಒಳಗಿರೋದು ಯಾರು ಅಂತ ಹೇಳಿಬಿಡೋ ಆ್ಯಪ್ ಇದೆಯಂತೆ. ಕೆಲವರು ತೂಕವನ್ನೂ ಹಾಕಿ ನೋಡುತ್ತಾರಂತೆ. ಮೊಟ್ಟಮೊದಲ ಸರಣಿಯಲ್ಲೂ ಬಾರ್‌ಕೋಡ್ ನೋಡಿ ಪಾತ್ರ ಹೇಳಬಹುದಿತ್ತು, ಹಾಗಾಗಿ ಇದೇನು ಹೊಸ ಕಳ್ಳತನ ಅಲ್ಲ. ನನಗೆ ಮಾತ್ರ ಅದು ಉತ್ತರಪತ್ರಿಕೆ ಕದ್ದು ಪರೀಕ್ಷೆ ಬರೆದ ಹಾಗೆ.

ತಮ್ಮ 2024ರಲ್ಲಿ ಬಂದಾಗ 25ನೇ ಸರಣಿಯ ಆರು ಡಬ್ಬಿ ತಂದ. ಮೊದಲ ಸಂಜೆ ಬಿಲ್ಲುಂಡ್‌ಗೆ ಹೋಗಿ ಬಂದ ಕಥೆ ಹೇಳಿದ. ಅಲ್ಲಿನ ಲೆಗೋ ಹೌಸ್‌ನ ಹೋಟೆಲಿನಲ್ಲಿ ಬಾಯಲ್ಲಿ ಆರ್ಡರ್ ಕೊಡೋ ಹಾಗಿಲ್ಲವಂತೆ. ಇಟ್ಟಿಗೆ ಜೋಡಿಸಿ ಯಂತ್ರದೊಳಗಿಟ್ಟರೆ ಅದು ಓದಿಕೊಳ್ಳುತ್ತದೆ, ಊಟ ಡಬ್ಬಿಯಲ್ಲಿ ಸುತ್ತಿ ಸುತ್ತಿ ಇಳಿದು ಬರುತ್ತದೆ, ತೆಗೆದುಕೊಡೋದು ರೋಬೋಟ್. ‘ಬಡಿಸೋರಿಲ್ವಾ?’ ಅಂತ ಅಮ್ಮ ಕೇಳಿದರು. ಇಲ್ಲ ಅಂದ. ‘ಇನ್ನೊಂಚೂರು ಹಾಕ್ಕೊಳ್ಳಿ ಅನ್ನೋರು ಯಾರು ಮತ್ತೆ?’

ಆಮೇಲೆ ಡಬ್ಬಿಗಳು ಮೇಜಿಗೆ ಬಂದವು. ಅಮ್ಮ ಒಂದನ್ನು ತಗೊಂಡು ಸುತ್ತ ಸವರಿದರು. ಆರು ಮುಖ, ಎಂಟು ಮೂಲೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು, ತೆಂಗಿನಕಾಯಿ ನೀರು ನೋಡೋ ಹಾಗೆ. ‘ಬೆಂಕಿಪಟ್ಣ’ ಅಂದು ಮೆಲ್ಲಗೆ ಕೆಳಗಿಟ್ಟರು. ಯಾರೂ ಏನೂ ಅನ್ನಲಿಲ್ಲ. ತಮ್ಮ ಡಬ್ಬಿಯ ಕಡೆ ನೋಡಿದ, ನಾನು ತಮ್ಮನ ಕಡೆ ನೋಡಿದೆ.

ಎದ್ದು ಹೋದದ್ದು ಮಗಳು. ಬೀರು ತೆಗೆದ ಸದ್ದಾಯಿತು. ಮದುವೆ ಮುಂಜಿಗಳಲ್ಲಿ ಕೊಟ್ಟ ತಾಂಬೂಲದ ಚೀಲಗಳನ್ನು ನಾನು ಒಂದರೊಳಗೊಂದು ತುರುಕಿಟ್ಟಿರುತ್ತೇನೆ, ಯಾವುದಕ್ಕಾದರೂ ಬೇಕಾಗುತ್ತೆ ಅಂತ. ಅದರಲ್ಲಿ ತೆಳ್ಳಗಿನ ಬಟ್ಟೆಯದು, ಅಡಿಕೆ ಕಲೆ ಆಗಿದ್ದು, ಒಂದನ್ನು ತಂದಳು. ದೀಪ ಆರಿಸಿ ಅಂದಳು. ಕತ್ತಲಲ್ಲಿ ಡಬ್ಬಿ ಹರಿದು, ಒಳಗಿನದ್ದನ್ನೆಲ್ಲ ತಾಂಬೂಲದ ಚೀಲಕ್ಕೆ ಸುರಿದು, ಲಾಡಿ ಎಳೆದು, ದೀಪ ಹಾಕಿ ಅಜ್ಜಿಯ ಕೈಗಿಟ್ಟಳು. ಹೊಸ ಕಾನೂನು ಅಷ್ಟೇ. ಡಬ್ಬಿ ಹರಿದವಳು ಆ ಸುತ್ತಿನಲ್ಲಿ ಆಡೋ ಹಾಗಿಲ್ಲ.

ಅಮ್ಮ ಮೊದಲು ಹಲಗೆಯನ್ನು ಮೂಲೆಗೆ ಸರಿಸಿದರು. ಕಾಲು, ಮುಂಡ, ತಲೆ. ಆಮೇಲೆ ಬೆರಳು ಒಂದು ಗುಂಡನೆಯ ವಸ್ತುವಿನ ಮೇಲೆ ನಿಂತಿತು. ಮೇಲೆ ಉಬ್ಬು, ಕೆಳಗೆ ಟೊಳ್ಳು. ‘ಕೊಡೆ’ ಅಂದರು. ಇನ್ನೊಂದು ಸಲ ತಿರುಗಿಸಿ, ‘ಅಲ್ಲ, ಕೊಡೆಗೆ ಇಷ್ಟು ಮಾಂಸ ಇರಲ್ಲ’ ಅಂದರು. ಹುಬ್ಬು ಗಂಟಿಕ್ಕಿತು. ಆಮೇಲೆ ಚೀಲವನ್ನು ತಮ್ಮನ ಕಡೆ ತಳ್ಳಿಬಿಟ್ಟರು.

‘ಅಣಬೆ ಕಣೋ ಇದು. ಈ ಮನೆಗೆ ಅಣಬೆ ತರಬೇಡ ಅಂತ ಎಷ್ಟು ಸಲ ಹೇಳಿದೀನಿ.’